ಸಾಯೋ ಕಾಯಿಲೆ ಅಲ್ಲವಲ್ಲ!

ನನಗೆ ಸರ್ಪಸುತ್ತು ಆಗಿದೆ ಎಂದು ತಿಳಿದಾಗ ನೋಡಲು ಬಂದವರು, ಫೋನ್ ಮಾಡಿದವರು ಹೆಚ್ಚುಕಡಿಮೆ ಎಲ್ಲರೂ ಒಂದೇ ಸಮಾಧಾನ ಹೇಳಿದರು. "ಬಿಡಿ, ಸಾಯೋ ಕಾಯಿಲೆ ಅಲ್ಲವಲ್ಲ." ನಿಜ, ಯಾರೂ ಸುಳ್ಳು ಹೇಳಲಿಲ್ಲ. ಆದರೆ ನಮ್ಮ ಮನೆಗಳಲ್ಲಿ ಕಾಯಿಲೆಯನ್ನು ಅಳೆಯುವ ರೀತಿಯೇ ಇದು. ಪ್ರಾಣಕ್ಕೆ ಅಪಾಯ ಇದ್ದರೆ ಸಾಲ ಮಾಡಿಯಾದರೂ ಆಸ್ಪತ್ರೆಗೆ ಓಡುತ್ತೇವೆ. ಬರೀ ನೋವು ಅಂದರೆ ಸಹಿಸಿಕೋ ಎನ್ನುತ್ತೇವೆ. ಅದರಲ್ಲೂ ಅರವತ್ತು ದಾಟಿದ ಹೆಂಗಸಿನ ನೋವಾದರೆ ಕೇಳುವುದೇ ಬೇಡ. ಇದರ ಲಸಿಕೆ ಬಗ್ಗೆ ಮಾತು ಬಂದಾಗಲೂ ನನಗೆ ಅಡ್ಡ ಬಂದದ್ದು ಈ ಅಳತೆಗೋಲೇ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಪುರುಸೊತ್ತು ಇದ್ದವರು ಓದಿ.

ಮೊದಲು ಬಂದದ್ದು ಗುಳ್ಳೆ ಅಲ್ಲ, ನೋವು. ಎಡಗಡೆ ಪಕ್ಕೆಲುಬಿನ ಕೆಳಗೆ ಚುರುಚುರು ಎನ್ನಲು ಶುರುವಾಯಿತು. ಗ್ಯಾಸ್ ಇರಬೇಕು ಎಂದು ಮನೆಯವರು ಓಮದ ನೀರು ಕೊಟ್ಟರು. ಎಡಗಡೆ ಅಲ್ವಾ ಎಂದು ಮಗ ಹೆದರಿ ಇಸಿಜಿ ಮಾಡಿಸಿದ. ಅದು ಸರಿಯಾಗಿಯೇ ಇತ್ತು. ಆಮೇಲೆ ಬೆನ್ನಿನಿಂದ ಹೊಟ್ಟೆಯ ಕಡೆಗೆ ಪಟ್ಟಿ ಎಳೆದ ಹಾಗೆ ಕೆಂಪು ಬಿತ್ತು. ಅದರ ಮೇಲೆ ನೀರು ತುಂಬಿದ ಗುಳ್ಳೆಗಳು ಗುಂಪುಗುಂಪಾಗಿ ಎದ್ದವು. ಬಿಸಿ ಒಗ್ಗರಣೆ ಎಣ್ಣೆ ಸಿಡಿದ ಜಾಗಕ್ಕೆ ಮತ್ತೆ ಮತ್ತೆ ಅದೇ ಎಣ್ಣೆ ಸಿಡಿಯುತ್ತಿದ್ದರೆ ಹೇಗಿರುತ್ತದೆ, ಹಾಗೆ. ಲಂಗದ ಲಾಡಿ ಕಟ್ಟುವ ಜಾಗದಲ್ಲೇ ಇತ್ತು. ಸೀರೆ ಉಡುವುದು ಅತ್ತ ಇರಲಿ, ಫ್ಯಾನಿನ ಗಾಳಿಗೆ ಹೊದಿಕೆ ಅಲ್ಲಾಡಿ ಮೈಗೆ ತಗುಲಿದರೂ ಜೀವ ಹೋದಂತಾಗುತ್ತಿತ್ತು. ಸಡಿಲವಾದ ಹತ್ತಿಯ ನೈಟಿಯಲ್ಲೇ ದಿನ ಕಳೆದೆ.

ಇದು ಹೊಸದಾಗಿ ಹೊರಗಿನಿಂದ ಅಂಟಿದ ರೋಗವಲ್ಲ. ಚಿಕ್ಕಂದಿನಲ್ಲಿ "ಅಮ್ಮ ಬಂದಿದ್ದಾಳೆ" ಎಂದು ಬೇವಿನ ಸೊಪ್ಪಿನ ಮೇಲೆ ಮಲಗಿಸುತ್ತಿದ್ದರಲ್ಲ, ಆ ಚಿಕನ್ ಪಾಕ್ಸಿನ ವೈರಸ್ಸೇ ಇದು. ಮೈಮೇಲಿನ ಕಲೆ ಮಾಯವಾದರೂ ವೈರಸ್ ಹೋಗುವುದಿಲ್ಲ. ಬೆನ್ನುಮೂಳೆಯ ಪಕ್ಕದಲ್ಲಿರುವ ನರದ ಗಂಟುಗಳಲ್ಲಿ ಸುಮ್ಮನೆ ಉಳಿದುಬಿಡುತ್ತದೆ. ವಯಸ್ಸಾಗಿ ಮೈಯ ರೋಗನಿರೋಧಕ ಶಕ್ತಿ ಕುಗ್ಗಿದಾಗಲೋ, ಬೇರೆ ಕಾಯಿಲೆ ಅಥವಾ ಔಷಧಿಯಿಂದ ಅದು ಸೋತಾಗಲೋ ಒಂದು ನರ ಹಿಡಿದು ಹೊರಗೆ ಬರುತ್ತದೆ. ಪಟ್ಟಿಯ ಆಕಾರ ಬರುವುದು ಅದಕ್ಕೇ. ಒಂದೊಂದು ನರಕ್ಕೂ ಚರ್ಮದಲ್ಲಿ ಅದರದೇ ಆದ ಎಲ್ಲೆ ಇದೆ.

ಈ ಎಲ್ಲೆ ಗೊತ್ತಾದರೆ ಒಂದು ಹಳೆಯ ಭಯವೂ ಹೋಗುತ್ತದೆ. ಹಾವಿನ ತಲೆ ಮತ್ತು ಬಾಲ ಕೂಡಿದರೆ, ಅಂದರೆ ಗುಳ್ಳೆ ಸೊಂಟವನ್ನು ಪೂರ್ತಿ ಸುತ್ತಿದರೆ ಮನುಷ್ಯ ಉಳಿಯುವುದಿಲ್ಲ ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ನನ್ನ ಸೋದರತ್ತೆ ದಿನಾ ಬೆಳಿಗ್ಗೆ ಫೋನ್ ಮಾಡಿ "ಎಲ್ಲಿವರೆಗೆ ಬಂತೇ?" ಎಂದು ಕೇಳುತ್ತಿದ್ದರು. ನರಗಳು ಎಡಕ್ಕೊಂದು, ಬಲಕ್ಕೊಂದು. ಹಾಗಾಗಿ ಗುಳ್ಳೆ ಸಾಮಾನ್ಯವಾಗಿ ಮೈಯ ನಡುಗೆರೆ ದಾಟುವುದೇ ಇಲ್ಲ. ನನ್ನದೂ ಹೊಕ್ಕುಳಿನ ಹತ್ತಿರ ಬಂದು ನಿಂತಿತು. ಅತ್ತೆ ಮಾತ್ರ ಅದು ತಾವು ಹೊತ್ತ ಹರಕೆಯಿಂದ ಎನ್ನುತ್ತಾರೆ. ಇರಲಿ.

ಹಳೆಯ ಚಿಕನ್ ಪಾಕ್ಸೇ ಮತ್ತೆ ಏಳುವುದು ಎಂಬ ವಾದವನ್ನು ಗಟ್ಟಿಯಾಗಿ ಮುಂದಿಟ್ಟವರಲ್ಲಿ ಇಂಗ್ಲೆಂಡಿನ ಒಬ್ಬ ಸಣ್ಣ ಊರಿನ ಡಾಕ್ಟರು ಮುಖ್ಯರು. ಸೈರೆನ್‌ಸೆಸ್ಟರ್ ಎಂಬಲ್ಲಿದ್ದ ಎಡ್ಗರ್ ಹೋಪ್-ಸಿಂಪ್ಸನ್. ದೊಡ್ಡ ಪ್ರಯೋಗಾಲಯದವರೇನಲ್ಲ. ತಮ್ಮ ಕ್ಲಿನಿಕ್ಕಿಗೆ ಬಂದ ರೋಗಿಗಳ ಲೆಕ್ಕವನ್ನು 16 ವರ್ಷ ಬರೆದಿಟ್ಟು 1965ರಲ್ಲಿ ಪ್ರಕಟಿಸಿದರು. ವಯಸ್ಸು ಏರಿದಂತೆ ಈ ಕಾಯಿಲೆಯೂ ಏರುತ್ತದೆ ಎಂಬುದು ಆ ಲೆಕ್ಕದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ನಮ್ಮ ತಾಲ್ಲೂಕುಗಳಲ್ಲಿ ನಲವತ್ತು ವರ್ಷ ಒಂದೇ ಕಡೆ ಕೂತ ಡಾಕ್ಟರುಗಳ ತಲೆಯಲ್ಲಿ ಇಂಥದ್ದು ಎಷ್ಟಿರಬಹುದು, ಬರೆದಿಟ್ಟವರು ಯಾರು ಎಂದು ಇದನ್ನು ಓದುವಾಗ ಅನ್ನಿಸಿತು.

ಈಗ ಕೆಮ್ಮಣ್ಣಿನ ವಿಷಯ. ಕುಂಬಾರರ ಮನೆಗೆ ಹೋಗಿ ಕೆಮ್ಮಣ್ಣು ಹಚ್ಚಿಸಿಕೊಂಡು ಬಾ, ಇಂಗ್ಲಿಷ್ ಔಷಧಿ ತಗೊಂಡರೆ ವಿಷ ಒಳಗೇ ಉಳಿಯುತ್ತದೆ ಎಂದು ಹೇಳಿದವರು ಒಬ್ಬಿಬ್ಬರಲ್ಲ. ನನಗೆ ಆ ಮಣ್ಣು ಹಚ್ಚುವವರ ಮೇಲೆ ಸಿಟ್ಟಿಲ್ಲ. ತಂಪು ಅನ್ನಿಸುತ್ತದೆ, ಕೈ ಮೃದುವಾಗಿರುತ್ತದೆ, ನಾಲ್ಕು ಒಳ್ಳೆ ಮಾತಾಡುತ್ತಾರೆ. ಗುಳ್ಳೆ ಎರಡು ಮೂರು ವಾರದಲ್ಲಿ ತಾನಾಗಿಯೇ ಒಣಗುವುದರಿಂದ ಮಣ್ಣಿಗೆ ಹೆಸರೂ ಬರುತ್ತದೆ. ಆದರೆ ಒಡೆದ ಗುಳ್ಳೆಗೆ ಮಣ್ಣು ತಾಗಿದರೆ ಕೀವಾಗುವ ಭಯ ಇದೆ. ಅದಕ್ಕಿಂತ ದೊಡ್ಡ ನಷ್ಟ ಸಮಯದ್ದು. ವೈರಸ್ಸನ್ನು ಹತ್ತಿಕ್ಕುವ ಮಾತ್ರೆಗಳಿವೆ, ಅಸೈಕ್ಲೋವಿರ್, ವಾಲಾಸೈಕ್ಲೋವಿರ್ ಎಂದು. ಗುಳ್ಳೆ ಕಾಣಿಸಿದ 72 ಗಂಟೆಯೊಳಗೆ ಶುರು ಮಾಡಿದರೆ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಆ ಮೂರು ದಿನ ಮಣ್ಣಿಗೆ, ಹರಕೆಗೆ, "ಭಾನುವಾರ ನೋಡೋಣ"ಕ್ಕೆ ಹೋಗಿಬಿಡುತ್ತದೆ. ನಾನು ಅತ್ತೆಯ ಜೊತೆ ಜಗಳ ಆಡಲಿಲ್ಲ. ಮಾತ್ರೆ ಶುರು ಮಾಡಿದ ಮೇಲೆ "ಹ್ಞೂಂ, ಹೋಗ್ತೀನಿ" ಅಂದೆ, ಹೋಗಲಿಲ್ಲ. ನನಗೆ ಕೊಟ್ಟದ್ದು ಅಸೈಕ್ಲೋವಿರ್, ದಿನಕ್ಕೆ ಐದು ಸಲ ನುಂಗಬೇಕು. ಅಲಾರಂ ಇಟ್ಟುಕೊಂಡೇ ನುಂಗಿದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಹಣೆ, ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಬಂದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ದೃಷ್ಟಿಗೆ ಪೆಟ್ಟು ಬೀಳಬಹುದು. ಕಿವಿಯಲ್ಲಿ ಬಂದು ಮುಖ ಸೊಟ್ಟಗಾದರೂ ಹಾಗೇ, ಕಾಯಬೇಡಿ.

ಗುಳ್ಳೆ ಒಣಗಿತು, ಹಕ್ಕಳೆ ಉದುರಿತು. ನೋಡಿದವರೆಲ್ಲ "ವಾಸಿಯಾಯ್ತಲ್ಲ" ಎಂದರು. ನನಗೆ ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಗಾಯ ಹೋದರೂ ಗಾಯಗೊಂಡ ನರ ಸುಳ್ಳು ಸುದ್ದಿ ಕಳಿಸುತ್ತಲೇ ಇರುತ್ತದೆ. ಏನೂ ತಾಗದೆ ಉರಿ, ಇದ್ದಕ್ಕಿದ್ದಂತೆ ಚಳುಕು, ನಡುವೆ ತುರಿಕೆ. ತುರಿಸಿದರೆ ಆ ಜಾಗ ಮರಗಟ್ಟಿದ ಹಾಗೆ. ಮೂರು ತಿಂಗಳು ದಾಟಿಯೂ ಉಳಿದ ನೋವಿಗೆ ಡಾಕ್ಟರುಗಳು ಬೇರೆ ಹೆಸರೇ ಇಟ್ಟಿದ್ದಾರೆ, ಪೋಸ್ಟ್ ಹರ್ಪೆಟಿಕ್ ನ್ಯೂರಾಲ್ಜಿಯಾ ಎಂದು. ಸರ್ಪಸುತ್ತು ಬಂದವರಲ್ಲಿ ನೂರಕ್ಕೆ 10ರಿಂದ 18 ಮಂದಿಗೆ ಇದು ಉಳಿಯುತ್ತದೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. ವಯಸ್ಸು ಹೆಚ್ಚಿದಷ್ಟೂ ಸಾಧ್ಯತೆ ಜಾಸ್ತಿ. ಕೆಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ.

ಈ ನೋವಿಗೆ ಪ್ಯಾರಾಸಿಟಮಾಲ್ ಲೆಕ್ಕವೇ ಅಲ್ಲ. ಪ್ರೆಗಾಬಾಲಿನ್, ಗಾಬಾಪೆಂಟಿನ್, ಅಮಿಟ್ರಿಪ್ಟಿಲಿನ್ ಎಂಬ, ನರಕ್ಕೆ ಕೊಡುವ ಮಾತ್ರೆಗಳು ಬೇಕು. ಸ್ವಲ್ಪ ಕಡಿಮೆ ಮಾಡುತ್ತವೆ. ಬದಲಿಗೆ ಮಂಪರು, ತಲೆ ತಿರುಗು. ನಾನು ಸ್ಕೂಟರ್ ಓಡಿಸುವುದು ಬಿಟ್ಟೆ. ಸಂಗೀತದ ಕ್ಲಾಸಿನಲ್ಲಿ ತೂಕಡಿಸಿದೆ. ತೋರಿಸಲು ಗಾಯ ಇಲ್ಲದ ನೋವು ಒಂಟಿತನದ ನೋವು. ಮನೆಯವರು ಕೆಟ್ಟವರಲ್ಲ, ಅವರಿಗೂ ಎಷ್ಟು ದಿನ ಅಂತ ಕೇಳಲು ಬೇಸರ. ನನಗೂ ಹೇಳಲು ಬೇಸರ. "ಹೇಗಿದೆ?" ಅಂದರೆ "ಪರವಾಗಿಲ್ಲ" ಅನ್ನುವುದು ಅಭ್ಯಾಸವಾಯಿತು.

ಇದಕ್ಕೆ ಲಸಿಕೆ ಇದೆ ಎಂದು ಡಾಕ್ಟರು ಹೇಳಿದ್ದು ಎಲ್ಲ ಆದ ಮೇಲೆ. ಬಿಪಿಗೆಂದು ವರ್ಷಗಳಿಂದ ಒಬ್ಬ ಡಾಕ್ಟರಲ್ಲಿಗೆ ಹೋಗುತ್ತಿದ್ದೆ. ಅಲ್ಲಿ ಯಾವತ್ತೂ ಈ ಮಾತು ಬಂದಿರಲಿಲ್ಲ. ಅವರನ್ನು ದೂರಿ ಏನು ಪ್ರಯೋಜನ? ಲಸಿಕೆ ಅಂದರೆ ಮಕ್ಕಳದ್ದು ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಕೋವಿಡ್ ಹೊತ್ತಿನಲ್ಲಿ ಸಾಲಿನಲ್ಲಿ ನಿಂತು ತೋಳು ಒಡ್ಡಿದ್ದು ಬಿಟ್ಟರೆ ದೊಡ್ಡವರಿಗೂ ಲಸಿಕೆ ಇದೆ ಎಂಬ ಯೋಚನೆಯೇ ಇಲ್ಲ. ನನ್ನ ಮೊಮ್ಮಗಳಿಗೆ ಚಿಕನ್ ಪಾಕ್ಸ್ ಲಸಿಕೆ ಹಾಕಿಸಿದರು. ಅದು ಸರ್ಕಾರಿ ಪಟ್ಟಿಯಲ್ಲಿ ಇಲ್ಲ, ಖಾಸಗಿಯಾಗಿ ದುಡ್ಡು ಕೊಟ್ಟೇ ಹಾಕಿಸಬೇಕು. ಮನೆಯಲ್ಲಿ ಯಾರೂ ಬೆಲೆ ಕೇಳಲಿಲ್ಲ. ಕೇಳಬಾರದು ಕೂಡ. (ಅವಳಿಗೆ ಲಸಿಕೆ ಆಗಿದ್ದು ಒಳ್ಳೆಯದೇ ಆಯಿತು. ಗುಳ್ಳೆಯ ನೀರು ತಾಗಿದರೆ ಚಿಕನ್ ಪಾಕ್ಸ್ ಆಗದ ಮಕ್ಕಳಿಗೆ, ಬಸುರಿಯರಿಗೆ ಅದು ಅಂಟಬಹುದು.)

ನಮ್ಮ ಲಸಿಕೆಯ ಬೆಲೆ ಕೇಳಿದಾಗ ಮಾತ್ರ ಮನೆ ಮೌನವಾಯಿತು. ಶಿಂಗ್ರಿಕ್ಸ್ ಎಂದು ಹೆಸರು. ಭಾರತಕ್ಕೆ ಬಂದದ್ದು 2023ರಲ್ಲಿ. 50 ದಾಟಿದವರಿಗೆ ಕೊಡುತ್ತಾರೆ. ಎರಡು ಡೋಸ್, ನಡುವೆ ಎರಡರಿಂದ ಆರು ತಿಂಗಳ ಅಂತರ. ಒಂದು ಡೋಸಿಗೆ ಹತ್ತು ಸಾವಿರದ ಮೇಲೆ. ಗಂಡ ಹೆಂಡತಿ ಇಬ್ಬರಿಗೂ ಅಂದರೆ ನಲವತ್ತು ಸಾವಿರ ದಾಟುತ್ತದೆ. ಆರೋಗ್ಯ ವಿಮೆಯವರು ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ.

ನನ್ನದು ಆಗಿಹೋಗಿದೆ, ಯಜಮಾನರಿಗೆ ಮೊದಲು ಹಾಕಿಸೋಣ ಅಂದೆ. ಅವರಿಗೆ ಸಕ್ಕರೆ ಕಾಯಿಲೆ ಬೇರೆ ಇದೆ. ಸಕ್ಕರೆ ಇದ್ದವರಿಗೆ ಸರ್ಪಸುತ್ತಿನ ಸಾಧ್ಯತೆ ಹೆಚ್ಚು.

"ನನಗೆ ಚಿಕನ್ ಪಾಕ್ಸೇ ಆಗಿಲ್ಲ ಕಣೇ, ಎಲ್ಲಿಂದ ಬರುತ್ತೆ?" ಅಂದರು.

"ನಿಮಗೆ ನೆನಪಿಲ್ಲ ಅಷ್ಟೇ ರೀ. ಮೂರು ವರ್ಷದ ಮಗು ನೆನಪಿಟ್ಟುಕೊಳ್ಳುತ್ತಾ?"

"ಬಂದಾಗ ನೋಡಿಕೊಂಡರಾಯ್ತು. ನೀನು ಸುಧಾರಿಸಿಕೊಂಡಿಲ್ವಾ?"

ಈ ಕೊನೆಯ ಮಾತಿಗೆ ನನಗೆ ನಿಜಕ್ಕೂ ಸಿಟ್ಟು ಬಂತು. ರಾತ್ರಿ ಎರಡು ಗಂಟೆಗೆ ಹಾಲಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದವಳನ್ನು ಸುಧಾರಿಸಿಕೊಂಡವಳು ಎನ್ನುತ್ತಾರಲ್ಲ! ನೋವಿನ ಲೆಕ್ಕ ಕಾಗದದ ಮೇಲೆ ಬರೆದೆ. ಡಾಕ್ಟರ ಫೀಸು, ಮಾತ್ರೆ, ಇಸಿಜಿ, ಆಟೋ, ನಾನು ಅಡುಗೆ ಮನೆಗೆ ಹೋಗಲಾರದ ದಿನ ಹೊರಗಿನಿಂದ ತರಿಸಿದ ಊಟ. ಎರಡು ಡೋಸಿನ ದುಡ್ಡಿಗಿಂತ ತೀರಾ ಕಡಿಮೆಯೇನೂ ಇರಲಿಲ್ಲ. ನಿದ್ದೆಗೆ ಬೆಲೆ ಹಾಕುವ ಕಾಲಂ ಖಾಲಿ ಬಿಟ್ಟೆ.

ಅವರು ಬ್ಯಾಂಕಿನಲ್ಲಿದ್ದವರು, ಸುಮ್ನೆ ಒಪ್ಪುವವರಲ್ಲ. ಅಂಕಿ ಕೇಳಿದರು, ತೋರಿಸಿದೆ. 2015ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ 50 ದಾಟಿದವರಲ್ಲಿ ಈ ಲಸಿಕೆ ನೂರಕ್ಕೆ 97ರಷ್ಟು ತಡೆಯಿತು. ಮರುವರ್ಷ ಬಂದ ಇನ್ನೊಂದು ಪರೀಕ್ಷೆಯಲ್ಲಿ 70 ದಾಟಿದವರಲ್ಲೂ 90ರ ಆಸುಪಾಸು. ಮೊದಲು ಇದ್ದ ಜೀವಂತ ವೈರಸ್ಸಿನ ಲಸಿಕೆ, ಜೋಸ್ಟವ್ಯಾಕ್ಸ್, ತಡೆಯುತ್ತಿದ್ದದ್ದು ಅರ್ಧದಷ್ಟು ಮಾತ್ರ. ಅಮೆರಿಕದಲ್ಲಿ 2020ರಲ್ಲಿ ಅದನ್ನು ನಿಲ್ಲಿಸಿದರು. ಈಗಿನದರಲ್ಲಿ ವೈರಸ್ಸಿನ ಒಂದು ಪ್ರೋಟೀನು ಮಾತ್ರ ಇದೆ. ಆದ್ದರಿಂದ ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೂ ಕೊಡಬಹುದು.

ತೊಂದರೆಯೇ ಇಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. ಸೂಜಿಯ ಪೈಕಿ ಇದು ಸ್ವಲ್ಪ ಜೋರೇ. ತೋಳು ನೋವು, ಮೈಕೈ ನೋವು, ಸುಸ್ತು, ಚಳಿಜ್ವರ ಬರುತ್ತದೆ. ಆರರಲ್ಲಿ ಒಬ್ಬರಿಗೆ ದಿನದ ಕೆಲಸ ಮಾಡಲಾಗದಷ್ಟು ಆಯಿತು ಎಂದು ಆ ಪರೀಕ್ಷೆಗಳೇ ಹೇಳುತ್ತವೆ. ಎರಡು ಮೂರು ದಿನದಲ್ಲಿ ಹೋಗುತ್ತದೆ. ಗಿಯಾನ್ ಬಾರೇ ಎಂಬ, ಕೈಕಾಲು ಸೋಲುವ ನರಗಳ ಕಾಯಿಲೆ ತೀರಾ ಅಪರೂಪವಾಗಿ ಬರಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಎಚ್ಚರಿಕೆ ಸೇರಿಸಿತು. 65 ದಾಟಿದವರಲ್ಲಿ 10 ಲಕ್ಷ ಡೋಸಿಗೆ ಸುಮಾರು 3 ಹೆಚ್ಚುವರಿ ಪ್ರಕರಣ. ನಾನು ಇದನ್ನೂ ಅವರಿಗೆ ಓದಿ ಹೇಳಿದೆ. ಮುಚ್ಚಿಟ್ಟು ಒಪ್ಪಿಸುವುದು ನನಗೆ ಇಷ್ಟವಿಲ್ಲ. ಆಮೇಲೆ ವಾಟ್ಸಾಪಿನಲ್ಲಿ ಓದಿ ಅವರೇ ನನ್ನ ಮೇಲೆ ಹರಿಹಾಯ್ದಾರು!

ಇಂಗ್ಲೆಂಡಿನಲ್ಲಿರುವ ನಮ್ಮ ನಾದಿನಿಗೆ 65 ತುಂಬಿದಾಗ ಆಸ್ಪತ್ರೆಯವರೇ ಕರೆದು ಪುಕ್ಕಟೆ ಹಾಕಿದರಂತೆ. ಅಲ್ಲಿ 2013ರಿಂದಲೂ ಈ ಕಾರ್ಯಕ್ರಮ ಇದೆ, ಮೊದಲು 70ಕ್ಕೆ ಇದ್ದದ್ದನ್ನು 2023ರ ಸೆಪ್ಟೆಂಬರಿನಿಂದ 65ಕ್ಕೆ ಇಳಿಸಿದರು. ವೇಲ್ಸ್‌ನಲ್ಲಿ ಒಂದು ಸ್ವಾರಸ್ಯವೂ ಆಯಿತು. ಕಾರ್ಯಕ್ರಮ ಶುರುವಾದಾಗ 1933ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಮಾತ್ರ ಲಸಿಕೆ, ಅದಕ್ಕೆ ಮೊದಲು ಹುಟ್ಟಿದವರಿಗೆ ಇಲ್ಲ ಎಂದು ಗೆರೆ ಎಳೆದರು. ಕೆಲವೇ ವಾರ ಹಿಂದೆ ಮುಂದೆ ಹುಟ್ಟಿದವರನ್ನು ಹೋಲಿಸಿ ನೋಡಿದರೆ, ಲಸಿಕೆ ಹಾಕಿಸಿಕೊಂಡವರಲ್ಲಿ ಏಳು ವರ್ಷಗಳಲ್ಲಿ ಮರೆಗುಳಿ ಕಾಯಿಲೆ ಸುಮಾರು ಐದನೇ ಒಂದು ಭಾಗ ಕಡಿಮೆ. 2025ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಇದು ಬಂತು. ಆದರೆ ಅದು ಹಳೆಯ ಲಸಿಕೆಯ ಲೆಕ್ಕ. ಮರೆವು ತಡೆಯಲೆಂದು ಯಾರೂ ಹಾಕಿಸಿಕೊಳ್ಳಬೇಕಿಲ್ಲ, ಬಂದರೆ ಲಾಭ ಎಂದಿಟ್ಟುಕೊಳ್ಳಿ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕೈಯಲ್ಲಿ ದುಡ್ಡಿದ್ದು, ಐವತ್ತು ದಾಟಿ, ಸಕ್ಕರೆಯೋ ಇನ್ನೊಂದೋ ಇದ್ದರೆ ಡಾಕ್ಟರನ್ನು ಕೇಳಿ ಹಾಕಿಸಿಕೊಳ್ಳಿ. ಮಗಳ ಮದುವೆಯಲ್ಲಿ ಫೋಟೋದವನಿಗೆ ಇದರ ಹತ್ತು ಪಟ್ಟು ಕೊಟ್ಟವರು ಇಲ್ಲಿ ಚೌಕಾಸಿ ಮಾಡಬೇಡಿ. ದುಡ್ಡಿಲ್ಲದವರಿಗೆ ಈ ಮಾತು ಹೇಳಲು ನನಗೆ ಬಾಯಿಲ್ಲ. ನಮ್ಮ ಮನೆ ಕೆಲಸಕ್ಕೆ ಬರುವವರಿಗೆ ಅಷ್ಟು ಹಣ ಎರಡು ಮೂರು ತಿಂಗಳ ದುಡಿಮೆ. ಅವರ ಅತ್ತೆಗೂ ಸರ್ಪಸುತ್ತು ಆಗಿತ್ತು, ನೋವಿನಲ್ಲೇ ಗಾರ್ಮೆಂಟ್ಸ್ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದರಂತೆ. ಅಂಥವರಿಗೆ ಸರ್ಕಾರವೇ ಕೊಡಬೇಕು. ಎಲ್ಲರಿಗೂ ಒಮ್ಮೆಲೇ ಆಗದಿದ್ದರೆ ಸಕ್ಕರೆ, ಕಿಡ್ನಿ, ಕ್ಯಾನ್ಸರ್ ಚಿಕಿತ್ಸೆಯ ಹಿರಿಯರಿಂದ ಶುರು ಮಾಡಲಿ. ಅದು ಆಗುವವರೆಗೆ 72 ಗಂಟೆಯ ವಿಷಯವನ್ನಾದರೂ ಆಶಾ ಕಾರ್ಯಕರ್ತೆಯರ ಮೂಲಕ ಮನೆಮನೆಗೆ ಹೇಳಿಸಬಹುದು. ಅದಕ್ಕೆ ಹತ್ತು ಸಾವಿರ ಬೇಕಿಲ್ಲ.

ಯಜಮಾನರು ಮೊದಲ ಡೋಸ್ ಹಾಕಿಸಿಕೊಂಡರು. ಒಂದು ರಾತ್ರಿ ಜ್ವರ ಬಂತು, ಮಾರನೇ ದಿನ ಅದನ್ನು ಇಡೀ ಬೀದಿಗೆ ಹೇಳಿದರು. ನನ್ನದು ಇನ್ನೂ ಆಗಿಲ್ಲ. ಒಮ್ಮೆ ಬಂದವರಿಗೆ ಮತ್ತೆ ಬರಬಹುದು, ಹಾಗಾಗಿ ನಿನಗೂ ಬೇಕು, ಆದರೆ ಅವಸರವಿಲ್ಲ ಎಂದಿದ್ದಾರೆ ಡಾಕ್ಟರು. ಈಗಿರುವ ನೋವನ್ನು ಲಸಿಕೆ ಕಳೆಯುವುದಿಲ್ಲ ಎಂದೂ ಸ್ಪಷ್ಟವಾಗಿ ಹೇಳಿದರು. ಮುಂದಿನ ತಿಂಗಳು ಇಬ್ಬರೂ ಒಟ್ಟಿಗೆ ಹೋಗುತ್ತೇವೆ.

ಬೆಂಗಳೂರು, ಮೈಸೂರು ಬಿಟ್ಟು ಹಾಸನ, ಶಿವಮೊಗ್ಗ, ಹುಬ್ಬಳ್ಳಿ, ಕಲಬುರಗಿ ಕಡೆ ಹಾಕಿಸಿಕೊಂಡವರು ಯಾರಾದರೂ ಇದ್ದರೆ ಎಷ್ಟು ತಗೊಂಡರು, ಫ್ರಿಜ್ಜಿನಲ್ಲಿ ಸ್ಟಾಕ್ ಇತ್ತಾ ಅಥವಾ ತರಿಸಿಕೊಟ್ಟರಾ ಎಂದು ಕೆಳಗೆ ಬರೆಯಿರಿ. ನನ್ನ ತಮ್ಮ ಹಾಸನದಲ್ಲಿದ್ದಾನೆ, ಅವನನ್ನು ಒಪ್ಪಿಸುವುದು ಇನ್ನೂ ಬಾಕಿ ಇದೆ.