ಈಶಾನ್ಯದ ಬಾವಿ, ವಾಯವ್ಯದ ಗುಂಡಿ

ಹಳ್ಳಿಯಲ್ಲಿ ಹೊಸ ಮನೆ ಕಟ್ಟಿಸಿದವರು ಬಂದವರಿಗೆಲ್ಲ ಗ್ರಾನೈಟ್ ನೆಲ ತೋರಿಸುತ್ತಾರೆ, ತೇಗದ ಬಾಗಿಲು ತೋರಿಸುತ್ತಾರೆ, ದೇವರ ಮನೆ ತೋರಿಸುತ್ತಾರೆ. ಶೌಚದ ಗುಂಡಿಯನ್ನು ಮಾತ್ರ ತೋರಿಸುವುದಿಲ್ಲ, ವರ್ಣಿಸುತ್ತಾರೆ. "20 ಅಡಿ ತೋಡಿಸಿದ್ದೇನೆ ಸ್ವಾಮಿ, ಮೊಮ್ಮಕ್ಕಳ ಕಾಲಕ್ಕೂ ತುಂಬುವುದಿಲ್ಲ." ಮೊಮ್ಮಕ್ಕಳಿಗೆ ತೋಟ ಬಿಟ್ಟುಹೋದ ಅಜ್ಜಂದಿರನ್ನು ಕಂಡಿದ್ದೇವೆ. ಖಾಲಿ ಗುಂಡಿ ಬಿಟ್ಟುಹೋಗಲು ಪಣ ತೊಟ್ಟವರು ಈ ತಲೆಮಾರಿನವರೇ ಇರಬೇಕು.

ಕೆಲವರ ಪಣ ಗೆದ್ದೂ ಬಿಡುತ್ತದೆ. ಮನೆ ತುಂಬ ಜನ, ಹಬ್ಬಕ್ಕೆ ನೆಂಟರು, ಜಾತ್ರೆಗೆ ಇಡೀ ಬಳಗ. ಆದರೂ ವರ್ಷಗಟ್ಟಲೆ ಗುಂಡಿ ತುಂಬಿಲ್ಲ. ಹಾಗಾದರೆ ಹೋದದ್ದೆಲ್ಲ ಎಲ್ಲಿಗೆ ಹೋಯಿತು ಎಂದು ಕೇಳುವ ಅಧಿಕಪ್ರಸಂಗಿಗಳು ಊರಿನಲ್ಲಿಲ್ಲ. ನಾವು ಸೆಪ್ಟಿಕ್ ಟ್ಯಾಂಕ್ ಎಂದು ಕರೆಯುವುದು ಬಹಳಷ್ಟು ಕಡೆ ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿ, ತಳಕ್ಕೆ ಏನೂ ಹಾಕದೆ, ಮೇಲೆ ಚಪ್ಪಡಿ ಎಳೆದ ತೂತನ್ನು. ಅಸಲಿ ಸೆಪ್ಟಿಕ್ ಟ್ಯಾಂಕಿಗೆ ನೀರು ಸೋರದ ತಳವೂ ಗೋಡೆಯೂ ಇರಬೇಕು, ಒಳಗೆ ಎರಡು ಕೋಣೆ ಇರಬೇಕು. ಗಸಿ ಕೆಳಗೆ ಕೂತು, ತಿಳಿಯಾದ ನೀರು ಹೊರಗಿನ ಇಂಗುಗುಂಡಿಗೆ ಹೋಗಬೇಕು. ಎರಡು ಮೂರು ವರ್ಷಕ್ಕೊಮ್ಮೆ ಗಸಿ ತೆಗೆಸಬೇಕು. ಅಂದರೆ ನೆಟ್ಟಗೆ ಕಟ್ಟಿದ ಟ್ಯಾಂಕು ತುಂಬಿಯೇ ತುಂಬುತ್ತದೆ. ತುಂಬಿದರೆ ಮೇಸ್ತ್ರಿಗೆ ಕೆಟ್ಟ ಹೆಸರು. ಹಾಗಾಗಿ ಹೆಸರು ಉಳಿಸಿಕೊಳ್ಳಬಯಸುವ ಮೇಸ್ತ್ರಿ ತಳವನ್ನೇ ಬಿಟ್ಟುಬಿಡುತ್ತಾನೆ.

ಆಳ ಮೇಸ್ತ್ರಿಯ ಇಲಾಖೆಯಾದರೆ ಜಾಗ ವಾಸ್ತು ಪಂಡಿತರದು. ಬಾವಿ, ಕೊಳವೆಬಾವಿ, ಸಂಪು ಈಶಾನ್ಯಕ್ಕೆ, ಗುಂಡಿ ವಾಯವ್ಯಕ್ಕೆ. ಇದರಲ್ಲಿ ರಾಜಿಯಿಲ್ಲ. ಈಗ 30×40ರ ನಿವೇಶನಗಳನ್ನು ಪೂರ್ವ ಪಶ್ಚಿಮಕ್ಕೆ ಸಾಲಾಗಿ ಹಂಚಿರುವ ಯಾವುದಾದರೂ ಬಡಾವಣೆಗೆ ಹೋಗಿ ನಿಂತು ನೋಡಿ. ನನ್ನ ವಾಯವ್ಯ ಮೂಲೆಯೆಂದರೆ ಪಶ್ಚಿಮದ ಮನೆಯವರ ಈಶಾನ್ಯ ಮೂಲೆ. ನನ್ನ ಗುಂಡಿಗೆ ಅವರ ಕೊಳವೆಬಾವಿ ನೆರೆ, ನನ್ನ ಕೊಳವೆಬಾವಿಗೆ ಪೂರ್ವದ ಮನೆಯವರ ಗುಂಡಿ ನೆರೆ. ಸಾಲಿನ ಕೊನೆಯವರೆಗೂ ಇದೇ ಕಥೆ. ಶಾಸ್ತ್ರ ಯಾರ ಮನೆಯಲ್ಲೂ ತಪ್ಪಿಲ್ಲ. ನಡುವೆ ಒಂದು ಕಾಂಪೌಂಡ್ ಗೋಡೆಯೂ ಇದೆ, ನೆಲದ ಮೇಲೆ. ಇಂಗುವ ಗುಂಡಿಗೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 10 ಮೀಟರ್ ಅಂತರವಿರಲಿ ಎನ್ನುತ್ತದೆ ಎಂಜಿನಿಯರುಗಳ ಲೆಕ್ಕ. 10 ಮೀಟರ್ ಎಂದರೆ 33 ಅಡಿ ಹತ್ತಿರ, ನಿವೇಶನದ ಅಗಲವೇ 30 ಅಡಿ. ಪಾಪ, ಎಂಜಿನಿಯರುಗಳಿಗೆ ಉದ್ದ ಅಗಲ ಗೊತ್ತು, ದಿಕ್ಕು ಗೊತ್ತಿಲ್ಲ. ಕರಾವಳಿಯವರಿಗೆ ಈ ಅಳತೆಯ ತಕರಾರೂ ಇಲ್ಲ. ಆಟಿ ತಿಂಗಳ ಮಳೆಗೆ ಅಂತರ್ಜಲ ತಾನೇ ಮೇಲೆದ್ದು ಬಂದು ಬಾವಿಯನ್ನೂ ಗುಂಡಿಯನ್ನೂ ಒಟ್ಟಿಗೆ ಮಾತನಾಡಿಸಿಕೊಂಡು ಹೋಗುತ್ತದೆ.

ಸರಕಾರ ದಾರಿ ತೋರಿಸಲಿಲ್ಲವೇ? ತೋರಿಸಿತು. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಶುರುವಾಯಿತು, ಶೌಚಾಲಯಕ್ಕೆ 12,000 ರೂಪಾಯಿ ಪ್ರೋತ್ಸಾಹಧನ ಬಂತು, ಜೊತೆಗೆ ಅವಳಿ ಗುಂಡಿಯ ನಕ್ಷೆಯೂ ಬಂತು. ಸುಮಾರು ಒಂದು ಮೀಟರ್ ಅಗಲದ, ಆಳವಿಲ್ಲದ ಎರಡು ಗುಂಡಿ. ಒಂದು ತುಂಬಿದ ಮೇಲೆ ಕವಲು ತಿರುಗಿಸಿ ಇನ್ನೊಂದನ್ನು ಬಳಸುವುದು. ಮುಚ್ಚಿಟ್ಟದ್ದು ಒಂದೂವರೆ ಎರಡು ವರ್ಷದಲ್ಲಿ ವಾಸನೆಯಿಲ್ಲದ ಗೊಬ್ಬರ. ಇಷ್ಟು ಸರಳವಾದದ್ದನ್ನು ಒಪ್ಪಿಕೊಂಡರೆ ಮರ್ಯಾದೆ ಉಳಿಯುತ್ತದೆಯೇ? "ಬಡವರ ಗುಂಡಿ" ಎಂದರು ಕೆಲವರು. ಕಟ್ಟಿಸಿದ ಇನ್ನು ಕೆಲವರು ಎರಡನ್ನೂ ಪೈಪಿನಿಂದ ಜೋಡಿಸಿ, ಒಂದರ ಹೆಚ್ಚಳ ಇನ್ನೊಂದಕ್ಕೆ ಹೋಗಲಿ ಎಂದರು. ಈಗ ಎರಡೂ ಹಸಿ, ಯಾವುದೂ ಗೊಬ್ಬರವಿಲ್ಲ.

ಇದನ್ನು ಹಿಡಿಯಬೇಕಾಗಿದ್ದ ಕಣ್ಣು ಮೊಬೈಲಿನದು. ಫಲಾನುಭವಿ ಬಾಗಿಲಿಗೆ ನಿಂತರು, ಅಕ್ಷಾಂಶ ರೇಖಾಂಶ ಸಮೇತ ಫೋಟೊ ಬಿತ್ತು, ಹಣ ಬಂತು. ಕ್ಯಾಮೆರಾಕ್ಕೆ ಗೋಡೆಯ ಬಣ್ಣ ಕಂಡಿತು, ನೆಲದ ಕೆಳಗಿನದು ಕಾಣಲಿಲ್ಲ. 2019ರ ಅಕ್ಟೋಬರ್ 2ರಂದು ಗ್ರಾಮೀಣ ಭಾರತ ಬಯಲು ಶೌಚ ಮುಕ್ತವೆಂದು ಘೋಷಣೆಯಾಯಿತು. ಊರ ಬಾಗಿಲಿಗೆ ಫಲಕ ಬಂತು.

ನಿರ್ವಹಣೆಯ ಮಾತಿಗೆ ಬಂದರೆ ಮನೆಗೊಬ್ಬ ವೈದ್ಯ. ಸಗಣಿ ಬಗ್ಗಡ ಸುರಿಯಿರಿ, ಮೂಟೆ ಉಪ್ಪು ಹಾಕಿ, ಆನ್‌ಲೈನಿನಲ್ಲಿ ಬ್ಯಾಕ್ಟೀರಿಯಾ ಪುಡಿ ಸಿಗುತ್ತದೆ ತರಿಸಿ. ಬೇಕಾದ ಸೂಕ್ಷ್ಮಜೀವಿಗಳು ನಮ್ಮ ಹೊಟ್ಟೆಯಿಂದಲೇ ಪುಕ್ಕಟೆಯಾಗಿ ಗುಂಡಿ ಸೇರುತ್ತವೆ. ಆದರೆ ಸೋಮವಾರ ಪುಡಿ ಹಾಕಿದವರೇ ಶುಕ್ರವಾರ ಬಾಟಲಿಗಟ್ಟಲೆ ಆಸಿಡ್ಡು, ಫಿನಾಯಿಲು ಸುರಿದು ಲಕ್ಷ್ಮೀಪೂಜೆಗೆ ಮನೆ ಸಜ್ಜು ಮಾಡುತ್ತಾರೆ.

ಕೊನೆಗೊಂದು ದಿನ ಗುಂಡಿ ಕಟ್ಟಿಕೊಳ್ಳುತ್ತದೆ, ಸಾಮಾನ್ಯವಾಗಿ ಮಗಳ ನಿಶ್ಚಿತಾರ್ಥದ ಹಿಂದಿನ ದಿನ. ಆಗ ಮುಚ್ಚಳದ ಶೋಧ. ಅದರ ಮೇಲೆ ಟೈಲ್ಸ್ ಹಾಕಿ ಕಾರು ನಿಲ್ಲಿಸಿದ್ದಾರೆ. ಸುತ್ತಿಗೆಯಿಂದ ಒಂದೊಂದೇ ಟೈಲ್ಸ್ ಬಡಿದು, ಎಲ್ಲಿ ಟೊಳ್ಳು ಸದ್ದು ಬರುತ್ತದೆಂದು ಮನೆಯವರೆಲ್ಲ ಕಿವಿಗೊಡುತ್ತಾರೆ. ಸಕ್ಕಿಂಗ್ ಯಂತ್ರದ ಲಾರಿ ಸಿಕ್ಕರೆ ಪುಣ್ಯ. ಗಲ್ಲಿಗೆ ಲಾರಿ ಬರದಿದ್ದರೆ, ಗಸಿ ಗಟ್ಟಿಯಾಗಿದ್ದರೆ, ಯಾರನ್ನು ಕರೆಯಬೇಕೆಂದು ಊರಿಗೆ ಚೆನ್ನಾಗಿ ಗೊತ್ತು. ಆ ಕೇರಿಯ ದಾರಿ ಮತ್ತಾವ ಕೆಲಸಕ್ಕೂ ನೆನಪಾಗುವುದಿಲ್ಲ. ಒಳಗಿನ ಹೈಡ್ರೋಜನ್ ಸಲ್ಫೈಡ್ ನಿಮಿಷದಲ್ಲಿ ಜೀವ ತೆಗೆಯುತ್ತದೆ, ಎತ್ತಲು ಇಳಿದವರ ಜೀವವನ್ನೂ ತೆಗೆಯುತ್ತದೆ. ರಕ್ಷಣಾ ಸಾಧನವಿಲ್ಲದೆ ಇಳಿಸಿದರೆ ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ ಅಥವಾ ಎರಡೂ ಎಂದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಹೇಳಿದೆ. ಒಳಚರಂಡಿಗಿಳಿದು ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟು 2023ರಲ್ಲಿ 30 ಲಕ್ಷಕ್ಕೆ ಏರಿಸಿದೆ. ಸಾವಿನ ಬೆಲೆ ಏರಿತು, ಕೂಲಿ ಏರಲಿಲ್ಲ.

ಲಾರಿ ಬಂದು ಹೀರಿಕೊಂಡು ಹೋಯಿತೆನ್ನಿ. ಹೋದದ್ದೆಲ್ಲಿಗೆ? ದೇವನಹಳ್ಳಿಯಲ್ಲಿ 2015ರಲ್ಲೇ ಈ ಹೂಳನ್ನು ಸಂಸ್ಕರಿಸುವ ಘಟಕ ಶುರುವಾಗಿದೆ, ಹೀಗೂ ಮಾಡಬಹುದೆಂದು ಎಲ್ಲರಿಗೂ ಗೊತ್ತು. ಅಂಥದ್ದು ಹತ್ತಿರವಿಲ್ಲದ ಊರಿನ ಲಾರಿ ಕತ್ತಲಾಗುವುದನ್ನು ಕಾದು ಕೆರೆಯಂಗಳಕ್ಕೆ ಇಳಿಯುತ್ತದೆ. ಬಯಲು ಶೌಚ ಮುಕ್ತ ಗ್ರಾಮಕ್ಕೆ ಸ್ವಾಗತ ಕೋರುವ ಫಲಕ ದಾಟಿಯೇ ಹೋಗಬೇಕು. ಒಬ್ಬೊಬ್ಬರು ಚೊಂಬು ಹಿಡಿದು ಹೋದರೆ ಬಯಲು ಶೌಚ. ಇಡೀ ಬೀದಿಯದ್ದು ಲಾರಿಯಲ್ಲಿ ಹೋದರೆ ಸಾರಿಗೆ.

ಈ ನಡುವೆ ಬಾವಿಯ ನೀರಿನಲ್ಲಿ, ಗುಂಡಿಯಿಂದ ಇಂಗಿ ಬಂದ ನೈಟ್ರೇಟ್ ಎಂಬ ಲವಣ ಸಿಗುತ್ತದೆ. ಲೀಟರಿಗೆ 45 ಮಿಲಿಗ್ರಾಂ ದಾಟಬಾರದೆಂಬುದು ಮಿತಿ. ಕುದಿಸಿ ಕುಡಿಯಿರಿ ಎನ್ನುವ ಹಳೆಯ ಬುದ್ಧಿವಾದ ಇಲ್ಲಿ ನಡೆಯದು. ಕುದಿಸಿದಷ್ಟೂ ನೀರು ಆರುತ್ತದೆ, ನೈಟ್ರೇಟ್ ಉಳಿದು ದಟ್ಟವಾಗುತ್ತದೆ. ಅದಕ್ಕೆ ಶುದ್ಧ ಕುಡಿಯುವ ನೀರಿನ ಘಟಕ ಬಂತು. ಇಂಗುಗುಂಡಿಗೆ ಟೇಪು ಕತ್ತರಿಸುವ ಶಾಸಕರಿಲ್ಲ, ಇದಕ್ಕೆ ಇದ್ದಾರೆ. ಕಲ್ಲಿನ ಫಲಕದಲ್ಲಿ ಮಂತ್ರಿಗಳಿಂದ ಹಿಡಿದು ಪಂಚಾಯಿತಿ ಸದಸ್ಯರವರೆಗೆ ಎಲ್ಲರ ಹೆಸರೂ ಇದೆ. 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ನೀರು. ಸದ್ಯಕ್ಕೆ ಯಂತ್ರ ಕೆಟ್ಟಿದೆ, ಆದರೆ ನಾಣ್ಯ ನುಂಗುತ್ತದೆ.