ಉಸಿರಾಟ 20, ಯೂನಿಫಾರ್ಮ್‌ಗೆ 2 ಅಂಕ

ಕೋಲಾರದ ಕಡೆಯ ಒಂದು ನರ್ಸಿಂಗ್ ಕಾಲೇಜಿನ ಮೌಲ್ಯಮಾಪನ ಹಾಳೆ ಇವತ್ತು ಕಣ್ಣಿಗೆ ಬಿತ್ತು. ವೃತ್ತಿಪರತೆಗೆ 10 ಅಂಕ: ಯೂನಿಫಾರ್ಮ್, ಶೂ, ಕೂದಲು, ಸಮಯಪಾಲನೆ, ‘ನಡವಳಿಕೆ’, ತಲಾ 2. ಇಡೀ ಬ್ಯಾಚಿಗೆ 8 ಇಲ್ಲವೇ 9. ಅದೇ ಮಕ್ಕಳು ತುಂಬಿದ ಟಿಪಿಆರ್ ಚಾರ್ಟಿನಲ್ಲಿ (ರೋಗಿಯ ಮೈಶಾಖ, ನಾಡಿ, ಉಸಿರಾಟ ಬರೆಯೋ ಹಾಳೆ) ಉಸಿರಾಟ ಸಾಲಾಗಿ 20, 20, 20. ಅಸ್ತಮಾದವರಿಗೂ 20, ಹರ್ನಿಯಾ ಆಪರೇಷನ್ ಆದವರಿಗೂ 20. ಮೈ ಉರಿದುಹೋಯಿತು.

ಉಸಿರಾಟ ಎಣಿಸೋದಕ್ಕೆ ಯಂತ್ರ ಬೇಡ, ಸೆಕೆಂಡ್ ಮುಳ್ಳಿರೋ ವಾಚ್ ಸಾಕು. ನಾಡಿ ನೋಡಿದ ಮೇಲೂ ಕೈ ಬಿಡದೆ, ರೋಗಿಗೆ ಗೊತ್ತಾಗದ ಹಾಗೆ ಎದೆಯ ಏರಿಳಿತ ಪೂರ್ತಿ 1 ನಿಮಿಷ ನೋಡಬೇಕು. ‘ಉಸಿರು ಎಣಿಸ್ತೀನಿ’ ಅಂದರೆ ಅವರ ಉಸಿರಿನ ಗತಿಯೇ ಬದಲಾಗುತ್ತೆ. ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20 ಸಹಜ. ರೋಗಿಯ ಸ್ಥಿತಿ ಕೆಡೋ ಮುಂಚೆ ಎಷ್ಟೋ ಸಲ ಮೊದಲು ಏರೋದೇ ಈ ಸಂಖ್ಯೆ. 28 ಇದ್ದದ್ದನ್ನು 20 ಅಂತ ಬರೆದರೆ ರಾತ್ರಿ ಡ್ಯೂಟಿ ಡಾಕ್ಟರಿಗೆ ಯಾರೂ ಫೋನ್ ಮಾಡಲ್ಲ. ಇಸ್ತ್ರಿ ಹಾಕಿದ ಏಪ್ರನ್ ಆ ರೋಗಿಯನ್ನು ಕಾಯುತ್ತಾ?

ಪಾಠ ಇಲ್ಲ ಅಂತಲ್ಲ. ಭಾರತೀಯ ನರ್ಸಿಂಗ್ ಕೌನ್ಸಿಲ್ 2021ರ ಬಿಎಸ್ಸಿ ಪಠ್ಯಕ್ರಮದಲ್ಲಿ ವೃತ್ತಿಪರತೆ, ಮೌಲ್ಯ, ನೀತಿಗೆ ನಾಲ್ಕನೇ ಸೆಮಿಸ್ಟರಿನಲ್ಲಿ 20 ಗಂಟೆ ಇಟ್ಟಿದೆ. ಮಕ್ಕಳು ‘ಪ್ರಾಮಾಣಿಕತೆ’ಯ ವ್ಯಾಖ್ಯಾನ ಬರೆದು ಪಾಸಾಗ್ತಾರೆ. ವಾರ್ಡಿಗೆ ಬಂದು ಹಿಂದಿನ ಪಾಳಿಯ ಅಂಕಿ ನಕಲು ಮಾಡ್ತಾರೆ. ಯಾಕೆ ಅಂದರೆ ಚಾರ್ಟ್ ಖಾಲಿ ಇದ್ದರೆ ಬೈಗುಳ, ಸುಳ್ಳು ಇದ್ದರೆ ಏನೂ ಇಲ್ಲ. ಹಾಗಾದರೆ ಸುಳ್ಳು ಕಲಿಸಿದವರು ಯಾರು?

‘ಒಬ್ಬ ಬೋಧಕಿಗೆ 10 ಮಕ್ಕಳು, ಎಲ್ಲಿ ಸಮಯ?’ ಅಂತೀರಿ. ಗೊತ್ತು. ಆದರೆ ದಿನಕ್ಕೆ ಇಬ್ಬರು, ತಲಾ 10 ನಿಮಿಷ. ಐದು ದಿನಕ್ಕೆ ಹತ್ತೂ ಜನ ಮುಗಿದರು, 4 ವಾರದ ಪೋಸ್ಟಿಂಗ್‌ನಲ್ಲಿ ಒಬ್ಬೊಬ್ಬರನ್ನೂ 4 ಸಲ ನೋಡಿದ ಹಾಗಾಯಿತು. ವಿದ್ಯಾರ್ಥಿ ಬರೆದ ಕೂಡಲೇ ಅದೇ ರೋಗಿಯ ಉಸಿರಾಟ ನೀವೂ ಎಣಿಸಿ. ವ್ಯತ್ಯಾಸ ಜಾಸ್ತಿ ಇದ್ದರೆ ಪಕ್ಕಕ್ಕೆ ಕರೆದು ‘ಹೇಗೆ ಎಣಿಸಿದೆ, ತೋರಿಸಮ್ಮ’ ಅನ್ನಿ. ‘ಎಣಿಸಿಲ್ಲ ಮೇಡಂ’ ಅಂದವಳ ಅಂಕ ಅಲ್ಲೇ ಕತ್ತರಿಸಿದರೆ ಮುಂದಿನ ಸಲ ಅವಳು ನಿಜ ಹೇಳಲ್ಲ. ಒಪ್ಪಿಕೊಂಡಿದ್ದಕ್ಕೆ ಒಂದು ಗುರುತು ಹಾಕಿ, ಎಣಿಸಲು ಮತ್ತೆ ಕಳಿಸಿ. ಅದೇ ತಪ್ಪು ಮೂರನೇ ಸಲ ಬಂದರೆ ಆಗ ಅಂಕ ಕತ್ತರಿಸಿ, ಕಾರಣ ಬರೆದಿಡಿ.

‘ನಡವಳಿಕೆ: ಉತ್ತಮ’ ಅನ್ನೋದನ್ನೂ ಬಿಡಿ, ಅದರಿಂದ ಯಾರಿಗೂ ಏನೂ ತಿಳಿಯಲ್ಲ. ಕಂಡದ್ದನ್ನು ಬರೆಯಿರಿ: ಬೆಡ್‌ಪ್ಯಾನ್ ಕೊಡುವಾಗ ಸ್ಕ್ರೀನ್ ಎಳೆದಳಾ? ‘14ನೇ ಬೆಡ್’ ಅನ್ನದೆ ‘ಅಜ್ಜಿ’ ಅಂತ ಕರೆದು ತನ್ನ ಹೆಸರು ಹೇಳಿದಳಾ? ತೆಲುಗು ಮಾತ್ರ ಬರೋ ಅಜ್ಜಿಗೆ ಮಾತ್ರೆ ವಿಷಯ ತಿಳಿಸಲು ಭಾಷೆ ಬಲ್ಲವರನ್ನು ಕರೆದಳಾ? ಮುಂದಿನ ರೋಗಿಯನ್ನು ಮುಟ್ಟೋ ಮುಂಚೆ 20ರಿಂದ 30 ಸೆಕೆಂಡ್ ಕೈಗೆ ಹ್ಯಾಂಡ್‌ರಬ್ (ಸ್ಯಾನಿಟೈಸರ್) ಉಜ್ಜಿದಳಾ? ಹೌದು, ಇಲ್ಲ, ನೋಡಲಿಲ್ಲ: ಮೂರೇ ಕಾಲಂ. ನೋಡದೆ ‘ಹೌದು’ ಅಂತ ಟಿಕ್ ಹಾಕಿದರೆ ಅದೂ ಎಣಿಸದೆ ಬರೆದ 20ರ ಹಾಗೇ.

ಸಮವಸ್ತ್ರ ನೀಟಾಗಿರಲಿ, ಬೇಡ ಅನ್ನಲ್ಲ. ಆದರೆ ಮುಂದಿನ ಪೋಸ್ಟಿಂಗ್‌ನ ಹಾಳೆ ಅಚ್ಚಿಗೆ ಹೋಗೋ ಮುಂಚೆ ‘ಕೂದಲು’ ಅನ್ನೋ ಸಾಲು ಹೊಡೆದುಹಾಕಿ, ಆ ಜಾಗದಲ್ಲಿ ‘ಉಸಿರಾಟ ಪೂರ್ತಿ 1 ನಿಮಿಷ ಎಣಿಸಿದ್ದು ಬೋಧಕರು ಕಂಡಿದ್ದಾರೆಯೇ’ ಅಂತ ಹಾಕಿಸಿ.