ನಮ್ಮೂರಿಂದ ನಮ್ಮೂರಿಗೇ ಒಂದು ರೈಲು ಬೇಕು

ಅಮ್ಮನಿಗೆ ಬಸ್ಸು ಆಗುವುದಿಲ್ಲ. ಸಖರಾಯಪಟ್ಟಣದಲ್ಲಿ ಹತ್ತಿ ಚಿಕ್ಕಮಗಳೂರು ಮುಟ್ಟುವಷ್ಟರಲ್ಲೇ ಹೊಟ್ಟೆ ತೊಳಸಲು ಶುರುವಾಗುತ್ತದೆ. ಬೇಲೂರಿನ ಹಾದಿ ಹಿಡಿದ ಮೇಲೆ ಸೆರಗನ್ನು ಬಾಯಿಗೊತ್ತಿಕೊಂಡು ಕಣ್ಣು ಮುಚ್ಚಿ ಕೂತುಬಿಡುತ್ತಾಳೆ. ಜೊತೆಗೆ ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಗಂಟೆಗೊಮ್ಮೆಯಾದರೂ ಬಾತ್‌ರೂಮಿಗೆ ಹೋಗಲೇಬೇಕು. ತುಂಬಿದ ಬಸ್ಸಿನಲ್ಲಿ "ಸ್ವಲ್ಪ ನಿಲ್ಲಿಸಪ್ಪಾ" ಎಂದು ಕೇಳಲು ನಾಚಿಕೆ. ಅದಕ್ಕೇ ಪ್ರಯಾಣದ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಟ್ಟುಬಿಡುತ್ತಾಳೆ. ಸಕ್ಕರೆ ಕಾಯಿಲೆಯವರು ನೀರು ಬಿಟ್ಟರೆ ಏನಾಗುತ್ತದೆ ಎಂದು ಮನೆಯಲ್ಲಿ ಅಂಥವರಿದ್ದವರಿಗೆ ಹೇಳಬೇಕಾಗಿಲ್ಲ.

ನಾನು ಕೆಲಸದ ಮೇಲೆ ಹಾಸನದಲ್ಲಿದ್ದೇನೆ. ಅಮ್ಮನ ಎಡಗಣ್ಣಿನ ಪೊರೆ ತೆಗೆಸಲು ಇಲ್ಲೇ ದಿನ ಗೊತ್ತಾಯಿತು. ಕರೆತರಲು ಹೋದಾಗ ಅವಳು ಹೇಳಿದ್ದು ಒಂದೇ ಮಾತು. "ರೈಲಲ್ಲೇ ಕರ್ಕೊಂಡೋಗೋ. ನಮ್ಮೂರಲ್ಲೇ ಸ್ಟೇಷನ್ ಐತಲ್ಲ."

ಐತೆ. ಕಡೂರು–ಚಿಕ್ಕಮಗಳೂರು ಮಾರ್ಗದಲ್ಲಿ ಸಖರಾಯಪಟ್ಟಣಕ್ಕೆ ಸ್ಟೇಷನ್ ಇದೆ. ಹಾಸನದಲ್ಲೂ ಇದೆ, ಅದೂ ನಾಲ್ಕು ಕಡೆಗೆ ಹಳಿ ಹೋಗುವ ದೊಡ್ಡ ಸ್ಟೇಷನ್. ಎರಡರ ನಡುವೆ ಒಂದಿಂಚೂ ಬಿಡದೆ ಹಳಿ ಇದೆ. ಇಲ್ಲದಿರುವುದು ಒಂದು ಗಾಡಿಯಿಂದ ಇಳಿದವರು ಇನ್ನೊಂದನ್ನು ಹಿಡಿಯುವಂಥ ಏರ್ಪಾಡು.

ಆದರೂ ಹೊರಟೆವು. ನಡುವೆ ಗಾಡಿ ಬದಲಿಸಬೇಕಿದ್ದ ಕಡೆ ನಮ್ಮ ಗಾಡಿ ತಡವಾಗಿ ಬಂತು, ದೊಡ್ಡ ತಡವೇನಲ್ಲ. ಆಚೆ ಪ್ಲಾಟ್‌ಫಾರಂನಲ್ಲಿ ಹಾಸನದ ಗಾಡಿ ನಿಂತಿದ್ದು ಕಾಣುತ್ತಿತ್ತು. ಅಮ್ಮನ ಮಂಡಿ ನೋವು ಬೇರೆ. ಓವರ್‌ಬ್ರಿಡ್ಜಿನ ಮೆಟ್ಟಿಲನ್ನು ಅವಳು ಹತ್ತುವುದು ಮಗುವಿನ ಹಾಗೆ: ಒಂದು ಕಾಲಿಟ್ಟು, ಇನ್ನೊಂದನ್ನೂ ಅದೇ ಮೆಟ್ಟಿಲಿಗೆ ಎಳೆದುಕೊಂಡು, ಎಡಗೈಯಲ್ಲಿ ಕಂಬಿ ಹಿಡಿದು, ಬಲಗೈಯಲ್ಲಿ ನನ್ನ ತೋಳು ಹಿಡಿದು. ಪೊರೆ ಬಂದ ಕಣ್ಣಿಗೆ ಮೆಟ್ಟಿಲಿನ ಅಂಚೂ ಸರಿಯಾಗಿ ಕಾಣುವುದಿಲ್ಲ. ಕಾಲಿನ ಬೆರಳಿಂದ ತಡವಿ ನೋಡಿ ಆಮೇಲೆ ಭಾರ ಹಾಕುತ್ತಿದ್ದಳು. ಸೇತುವೆಯ ನಡುಮಧ್ಯಕ್ಕೆ ಬಂದಿದ್ದೆವು, ಕೆಳಗೆ ಗಾಡಿ ಹೊರಟಿತು. ನಮ್ಮ ಕಾಲ ಕೆಳಗೇ ಒಂದೊಂದೇ ಬೋಗಿ ಸರಿದುಹೋಯಿತು. ಕೂಗಿದರೆ ಕೇಳುವಷ್ಟು ಹತ್ತಿರ. ನಮ್ಮ ಹಾಗೆ ಇನ್ನೂ ಏಳೆಂಟು ಜನ ಬ್ಯಾಗು ಹಿಡಿದುಕೊಂಡು ನೋಡುತ್ತ ನಿಂತಿದ್ದರು.

ಮುಂದಿನ ಗಾಡಿಗೆ ಮೂರು ಗಂಟೆಗೂ ಮೀರಿ ಕಾಯಬೇಕಿತ್ತು. ಬೆಂಚಿನ ಮೇಲೆ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚುತ್ತ ಅಮ್ಮ ಕೇಳಿದಳು: "ಎರಡೂ ಒಂದೇ ಇಲಾಖೆ ಗಾಡಿ ಅಲ್ವೇನೋ? ಒಂದಕ್ಕೊಂದು ಹೇಳ್ಕೊಳಲ್ವಾ?"

ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ನಮ್ಮ ಎರಡು ಜಿಲ್ಲೆಗಳ ರೈಲಿನ ಬಗ್ಗೆ ಇಷ್ಟು ವರ್ಷ ನಾನು ಓದಿದ, ಕೇಳಿದ ಭಾಷಣಗಳಲ್ಲಿ ಇಷ್ಟು ನೇರವಾದ ಪ್ರಶ್ನೆಯನ್ನು ಯಾರೂ ಎತ್ತಿಲ್ಲ.

ನಮಗೆ ಹಳಿ ಸುಲಭಕ್ಕೆ ಬಂದದ್ದಲ್ಲ. ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದ 1996ರ ಕಾಲದಲ್ಲಿ ಮೊದಲಾದ ಬೆಂಗಳೂರು–ಹಾಸನ ಮಾರ್ಗ ಕುಣಿಗಲ್, ಶ್ರವಣಬೆಳಗೊಳದ ಮೇಲೆ ಪೂರ್ತಿ ತೆರೆದುಕೊಂಡದ್ದು 2017ರ ಮಾರ್ಚಿನಲ್ಲಿ. ಕೆಲಸ ಮೊದಲಾದಾಗ ಹುಟ್ಟಿದ ಮಗು ಅಷ್ಟರಲ್ಲಿ ಡಿಗ್ರಿ ಮುಗಿಸುವ ವಯಸ್ಸಿಗೆ ಬಂದಿತ್ತು. ಚಿಕ್ಕಮಗಳೂರಂತೂ ಜಿಲ್ಲಾ ಕೇಂದ್ರವಾಗಿದ್ದೂ ರೈಲು ಕಂಡದ್ದು 2013ರ ನವೆಂಬರಿನಲ್ಲಿ. ಮೊದಲ ಗಾಡಿ ಬಂದ ದಿನಗಳಲ್ಲಿ ಜನ ಹಳಿ ಪಕ್ಕದ ಹೊಲಗಳಲ್ಲಿ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದು ನನ್ನ ಕಣ್ಣಲ್ಲಿ ಇನ್ನೂ ಇದೆ. ನಮ್ಮಜ್ಜಿ ಬೋಗಿ ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದರು.

ಕಡೂರು–ಚಿಕ್ಕಮಗಳೂರಿನ ಆ 46 ಕಿಲೋಮೀಟರ್ ಹಳಿ ಇವತ್ತು ದಿನದ ಬಹುಪಾಲು ಹೊತ್ತು ಖಾಲಿ ಬಿದ್ದಿರುತ್ತದೆ. ಬರುವ ಗಾಡಿಗಳನ್ನು ಕೈಬೆರಳಲ್ಲಿ ಎಣಿಸಬಹುದು. ಬೇರೆ ಕಡೆ "ಹಳಿಯಲ್ಲಿ ಜಾಗವಿಲ್ಲ, ಹೊಸ ಗಾಡಿ ಎಲ್ಲಿ ಬಿಡೋದು" ಎನ್ನುತ್ತಾರೆ, ಅದು ನಿಜವೂ ಹೌದು. ಹಾಸನ–ಅರಸೀಕೆರೆ ಇನ್ನೂ ಒಂಟಿ ಹಳಿ, ಎದುರಿನ ಗಾಡಿಗೆ ಕ್ರಾಸಿಂಗ್ ಕೊಡಲು ನಿಲ್ಲಲೇಬೇಕು. ಆದರೆ ಕಡೂರು–ಚಿಕ್ಕಮಗಳೂರಿಗೆ ಆ ನೆಪವಿಲ್ಲ. ಕಡೂರು–ಅರಸೀಕೆರೆ ಅಂತೂ ಬೆಂಗಳೂರು–ಹುಬ್ಬಳ್ಳಿ ಹೆದ್ದಾರಿಯಂಥ ಮಾರ್ಗ, ಜೋಡಿ ಹಳಿ. ಕೋಟಿಗಟ್ಟಲೆ ಸುರಿದು ಹಾಕಿದ ಹಳಿಯ ಮೇಲೆ ಬಿಸಿಲು ಮಾತ್ರ ಓಡಾಡುತ್ತಿರುವುದು ನನಗೆ ಹೊಟ್ಟೆ ಉರಿಯುವ ಸಂಗತಿ.

ನಮ್ಮ ಗಾಡಿಗಳ ವೇಳಾಪಟ್ಟಿ ಇಟ್ಟುಕೊಂಡು ನೋಡಿ. ಬಹುಪಾಲು ಎಲ್ಲವೂ ಬೆಂಗಳೂರಿಗೆ ಹೋಗುವವರಿಗೆ, ಬೆಂಗಳೂರಿಂದ ಬರುವವರಿಗೆ ಅಥವಾ ನಮ್ಮನ್ನು ದಾಟಿಕೊಂಡು ಇನ್ನೆಲ್ಲಿಗೋ ಹೋಗುವವರಿಗೆ ಹೊಂದುವಂತಿವೆ. ಕರಾವಳಿಗೆ ಹೋಗುವ ರಾತ್ರಿ ಗಾಡಿಗಳು ಸಕಲೇಶಪುರವನ್ನು ದಾಟುವುದು ಊರು ಮಲಗಿದ ಮೇಲೆ. ಬೆಂಗಳೂರಿಗೆ ಗಾಡಿ ಬೇಡ ಎನ್ನುತ್ತಿಲ್ಲ. ನಮ್ಮ ಮಕ್ಕಳೆಲ್ಲ ಅಲ್ಲೇ ಇದ್ದಾರೆ, ಹಬ್ಬಕ್ಕೆ ಬಂದು ಹೋಗಲು ಅವರಿಗೆ ಬೇಕೇ ಬೇಕು. ಆದರೆ ಬಾಣಾವರದ ಹುಡುಗಿ ಹಾಸನದ ಕಾಲೇಜಿಗೆ ಬರುವುದು, ಬಾಳ್ಳುಪೇಟೆಯ ಹೆಂಗಸು ಜಿಲ್ಲಾ ಆಸ್ಪತ್ರೆಗೆ ಬರುವುದು, ಸಖರಾಯಪಟ್ಟಣದ ರೈತ ಅರಸೀಕೆರೆಗೆ ಕೊಬ್ಬರಿ ರೇಟು ನೋಡಲು ಹೋಗುವುದು, ಇದೂ ಪ್ರಯಾಣವೇ ತಾನೇ? ಇದಕ್ಕೆ ಹೊತ್ತು ನೋಡಿ ಗಾಡಿ ಬಿಟ್ಟವರು ಯಾರು?

ಈಗ ನನ್ನ ಬೇಡಿಕೆ ಹೇಳುತ್ತೇನೆ. ಸಕಲೇಶಪುರದಿಂದ ಬಾಳ್ಳುಪೇಟೆ, ಆಲೂರು, ಹಾಸನ, ಕೊರವಂಗಲ, ಬಾಗೇಶಪುರ, ಅರಸೀಕೆರೆ, ಬಾಣಾವರ, ದೇವನೂರು, ಕಡೂರು, ಸಖರಾಯಪಟ್ಟಣ, ಚಿಕ್ಕಮಗಳೂರು. ಒಟ್ಟು ಹೆಚ್ಚುಕಡಿಮೆ 175 ಕಿಲೋಮೀಟರ್. ಈ ಹಾದಿಯಲ್ಲಿ ಎರಡೂ ತುದಿಯಿಂದ ಬೆಳಗ್ಗೆ ಒಂದು, ಸಂಜೆ ಒಂದು ಗಾಡಿ, ಎಲ್ಲ ಸಣ್ಣ ಸ್ಟೇಷನ್‌ಗಳಲ್ಲೂ ನಿಂತು ಹೋಗಲಿ. ಕಾಲೇಜು, ಕಚೇರಿ, ಆಸ್ಪತ್ರೆಯ ಓಪಿಡಿ ಶುರುವಾಗುವ ಮೊದಲು ತಲುಪಿಸಲಿ, ಅವು ಬಿಟ್ಟ ಮೇಲೆ ವಾಪಸ್ ಕರೆತರಲಿ. ಮೆಮು ಎಂಬ ವಿದ್ಯುತ್ ಗಾಡಿಗಳು ಇಂಥ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಅವುಗಳ ಮೋಟಾರು ಗಾಡಿಯೊಳಗೇ ಇರುತ್ತದೆ, ನಿಂತ ಕೂಡಲೇ ಚುರುಕಾಗಿ ಹೊರಡುತ್ತವೆ. ಎರಡೂ ತುದಿಯಲ್ಲಿ ಡ್ರೈವರ್ ಕ್ಯಾಬಿನ್ ಇರುವುದರಿಂದ ಕೊನೆಯ ಸ್ಟೇಷನ್ನಿನಲ್ಲಿ ಇಂಜಿನ್ ಕಳಚಿ ಆ ಕಡೆಯಿಂದ ಈ ಕಡೆಗೆ ತರುವ ಗೋಜೇ ಇಲ್ಲ.

ಹಾಸನದಿಂದ ಚಿಕ್ಕಮಗಳೂರಿಗೆ ನೇರ ಹೋಗುವವರಿಗೆ ಇದು ಲಾಭವಲ್ಲ ಎಂದು ನಾನೇ ಒಪ್ಪುತ್ತೇನೆ. ಬೇಲೂರಿನ ಮೇಲೆ ರಸ್ತೆಯಲ್ಲಿ ಅರವತ್ತು ಚಿಲ್ಲರೆ ಕಿಲೋಮೀಟರ್. ಅರಸೀಕೆರೆ, ಕಡೂರು ಸುತ್ತಿದರೆ ಹಳಿಯ ದಾರಿ 130ರ ಆಸುಪಾಸು. ಬಸ್ಸೇ ಬೇಗ. ಈ ಗಾಡಿ ನಡುವಿನ ಊರುಗಳಿಗೆ, ನಡುವಿನ ಜನಕ್ಕೆ.

ಹೊಸ ಗಾಡಿ ಬರುವ ತನಕ ಒಂದು ಕೆಲಸವನ್ನಾದರೂ ಮಾಡಬಹುದು, ಅದಕ್ಕೆ ಒಂದು ಗಾಡಿ ಜಲ್ಲಿಯೂ ಬೇಡ. ಅರಸೀಕೆರೆಯಲ್ಲೂ ಕಡೂರಲ್ಲೂ ಈಗಿರುವ ಪ್ಯಾಸೆಂಜರ್ ಗಾಡಿಗಳ ಹೊತ್ತನ್ನು ಒಂದಕ್ಕೊಂದು ಕೂಡಿಸಿ. ಇಳಿದವರು ಸೇತುವೆ ಹತ್ತಿ ಇಳಿಯುವಷ್ಟು ಸಮಯ ಕೊಡಿ, ಅದನ್ನು ಇಪ್ಪತ್ತು ವರ್ಷದ ಹುಡುಗನ ಕಾಲಲ್ಲಿ ಅಳೆಯಬೇಡಿ, ನಮ್ಮಮ್ಮನ ಕಾಲಲ್ಲಿ ಅಳೆಯಿರಿ. ಬರಬೇಕಾದ ಗಾಡಿ ಹತ್ತು ನಿಮಿಷ ತಡವಾಗಿದ್ದರೆ ಹೊರಡಬೇಕಾದ ಗಾಡಿಯನ್ನು ಹತ್ತು ನಿಮಿಷ ಹಿಡಿದು ನಿಲ್ಲಿಸಿ. ಹಾಸನ, ಅರಸೀಕೆರೆ, ಚಿಕ್ಕಮಗಳೂರು ಮೂರೂ ಮೈಸೂರು ವಿಭಾಗಕ್ಕೇ ಸೇರಿವೆ. ಬೇರೆ ರಾಜ್ಯದವರನ್ನೋ ಬೇರೆ ವಲಯದವರನ್ನೋ ಕೇಳಬೇಕಾದ ಕಷ್ಟವೂ ಇಲ್ಲಿಲ್ಲ.

"ಶಕ್ತಿ ಯೋಜನೆ ಬಂದಮೇಲೆ ಹೆಂಗಸರಿಗೆ ಬಸ್ಸೇ ಫ್ರೀ, ರೈಲಿಗೆ ಯಾರು ಬರ್ತಾರೆ" ಎಂದು ಗೆಳೆಯನೊಬ್ಬ ವಾದ ಮಾಡಿದ. 2023ರ ಜೂನ್‌ನಿಂದ ನಮ್ಮಮ್ಮನಿಗೂ ಬಸ್ಸು ಫ್ರೀ. ಆದರೂ ಅವಳು ದುಡ್ಡು ಕೊಟ್ಟು ರೈಲಲ್ಲಿ ಬರುತ್ತೇನೆ ಎಂದಳು. ಕಾಲು ಚಾಚಲು ಜಾಗ, ಎದ್ದು ನಾಲ್ಕು ಹೆಜ್ಜೆ ಹಾಕಲು ಅವಕಾಶ, ಬೋಗಿಯಲ್ಲೇ ಬಾತ್‌ರೂಮು: ವಯಸ್ಸಾದವರಿಗೆ, ಬಸುರಿಯರಿಗೆ, ಡಯಾಲಿಸಿಸ್‌ಗೆ ಹೋಗಿಬರುವವರಿಗೆ ಇದರ ಬೆಲೆ ಟಿಕೆಟ್ಟಿನಲ್ಲಿ ಲೆಕ್ಕ ಸಿಗುವುದಿಲ್ಲ.

ಇನ್ನು ಬೇಲೂರು. ಚಿಕ್ಕಮಗಳೂರಿನಿಂದ ಬೇಲೂರು, ಬೇಲೂರಿನಿಂದ ಹಾಸನ, ಈ ಹೊಸ ಮಾರ್ಗದ ಮಾತು ನಾನು ಮೀಸೆ ಮೂಡುವ ಮೊದಲಿನಿಂದ ಕೇಳುತ್ತಿದ್ದೇನೆ. ಅದು ಆದರೆ ಆ 130ರ ಸುತ್ತು ಅರ್ಧಕ್ಕಿಳಿಯುತ್ತದೆ. ಚಿಕ್ಕಮಗಳೂರು ಇಂದು ಹಳಿಯ ಕೊನೆ. ಬೇಲೂರಿಗೆ ಹಳಿ ಬಂದ ದಿನ ಅದು ನಡುವಿನ ಸ್ಟೇಷನ್ ಆಗುತ್ತದೆ, ಆಗ ಗಾಡಿಗಳು ತಾವಾಗಿ ಬರುತ್ತವೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಜಗತ್ತೇ ಬಂದು ನೋಡುವ ಊರಿಗೆ ಹಳಿ ಇಲ್ಲ. ಹೊಸ ಮಾರ್ಗಗಳಿಗೆ ಕರ್ನಾಟಕದಲ್ಲಿ ಹಲವು ಕಡೆ ರಾಜ್ಯ ಸರ್ಕಾರವೂ ಅರ್ಧ ವೆಚ್ಚ ಹೊರುತ್ತದೆ, ಜಮೀನು ಕೊಡಿಸುವ ಹೊಣೆಯೂ ಅದರದ್ದೇ. ಹಾಗಾಗಿ ದಿಲ್ಲಿಯನ್ನು ಬೈದು ಕೈತೊಳೆದುಕೊಂಡರೆ ಆಗುವುದಿಲ್ಲ, ಬೆಂಗಳೂರನ್ನೂ ಕೇಳಬೇಕು. ಜಮೀನು ಬಿಡುವ ರೈತನಿಗೆ ಪರಿಹಾರ ಹೊತ್ತಿಗೆ ಸರಿಯಾಗಿ ಕೈಗೆ ಸಿಗಬೇಕು, ಅಡಿಕೆ, ಕಾಫಿ, ಮೆಣಸಿನ ಗಿಡಕ್ಕೂ ನ್ಯಾಯವಾದ ಲೆಕ್ಕ ಹಾಕಬೇಕು. ಅದು ಆಗದೆ ಹಳಿ ಬೇಗ ಬರಲಿ ಎಂದು ಕೂಗುವುದು ತಪ್ಪು.

ಘಾಟಿಯ ಬಗ್ಗೆ ಒಂದು ಮಾತು ಹೇಳದೆ ಮನಸ್ಸು ಒಪ್ಪುವುದಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ 55 ಕಿಲೋಮೀಟರಿನಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಐವತ್ತು ಅಡಿಗೆ ಒಂದಡಿ ಏರು. ಮೀಟರ್‌ಗೇಜನ್ನು ಕಿತ್ತು ಬ್ರಾಡ್‌ಗೇಜ್ ಮಾಡಲು 1996ರಲ್ಲಿ ಮುಚ್ಚಿದ ಹಾದಿಗೆ 2006ರಲ್ಲಿ ಮೊದಲು ಗೂಡ್ಸ್ ಗಾಡಿ ಬಂತು, ಜನರ ಗಾಡಿ ಬಂದದ್ದು 2007ರ ಡಿಸೆಂಬರಿನಲ್ಲಿ. ನಡುವಿನ ಹನ್ನೊಂದು ವರ್ಷ ಮಲೆನಾಡಿಗೂ ಕರಾವಳಿಗೂ ಜನರ ರೈಲಿನ ನಂಟೇ ಕಡಿದಿತ್ತು. 2024ರ ಜುಲೈನಲ್ಲಿ ಯಡಕುಮರಿ–ಕಡಗರವಳ್ಳಿ ನಡುವೆ ಗುಡ್ಡ ಕುಸಿದು ಮತ್ತೆ ದಿನಗಟ್ಟಲೆ ನಿಂತಿತು. 2025ರ ಜೂನ್‌ನಿಂದ ವಿದ್ಯುತ್ ತಂತಿ ಎಳೆಯುವ ಕೆಲಸಕ್ಕೆಂದು ಹಗಲಿನ ಗಾಡಿಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದರು. ಕೆಲಸ ಬೇಕಾದದ್ದೇ, ಸಹಿಸಿಕೊಂಡೆವು. ಶಿರಾಡಿ ರಸ್ತೆಯೂ ಮಳೆಗಾಲದಲ್ಲಿ ನೆಚ್ಚಿಕೊಳ್ಳುವಂಥದ್ದಲ್ಲ. ಎರಡೂ ಒಟ್ಟಿಗೆ ನಿಂತ ದಿನ ಮಂಗಳೂರಿನ ಆಸ್ಪತ್ರೆಗೆ ಹೊರಟವರ ಗತಿ ಏನು ಎಂಬುದನ್ನು ಯೋಜನೆ ಮಾಡುವವರು ಯೋಚಿಸಬೇಕು. ಜಡಿಮಳೆಯಲ್ಲಿ, ರಾತ್ರಿ, ಕೈಯಲ್ಲೊಂದು ದೀಪ ಹಿಡಿದು ಆ ಹಳಿಯ ಗುಂಟ ನಡೆಯುವ ಗ್ಯಾಂಗ್‌ಮನ್‌ಗಳಿದ್ದಾರಲ್ಲ, ಆನೆ ಓಡಾಡುವ ಕಾಡಿನಲ್ಲಿ, ಮೈಗೆ ಹತ್ತಿದ ಜಿಗಣೆ ಕಿತ್ತುಕೊಳ್ಳುತ್ತ ನಡೆಯುವವರು, ಅವರಿಂದ ನಾವು ಸುರಂಗದೊಳಗೆ ನಿದ್ದೆ ಮಾಡುತ್ತೇವೆ. ರೈಲಿನ ಸುಧಾರಣೆ ಎಂದಾಗ ಅವರ ಕ್ವಾರ್ಟರ್ಸಿಗೆ ಸೋರದ ಸೂರು, ಒಳ್ಳೆಯ ರೇನ್‌ಕೋಟು, ಜೊತೆಗೆ ಇನ್ನೊಬ್ಬ ಆಳು ಕೂಡ ಆ ಪಟ್ಟಿಯಲ್ಲಿ ಇರಬೇಕು.

ವಂದೇ ಭಾರತ್ ಬೇಕು ಎಂದು ಕೇಳುವವರ ಆಸೆ ನನಗೆ ಅರ್ಥವಾಗುತ್ತದೆ. ನಮ್ಮೂರಿಗೂ ಚಂದದ ಗಾಡಿ ಬರಲಿ ಎನ್ನುವುದರಲ್ಲಿ ತಪ್ಪಿಲ್ಲ. ಆದರೆ ಅದು ದೇವನೂರಿನಲ್ಲಿ ನಿಲ್ಲುವುದಿಲ್ಲ, ಕೊರವಂಗಲದಲ್ಲಿ ನಿಲ್ಲುವುದಿಲ್ಲ. ಕೇಳುವ ಶಕ್ತಿ ಇರುವುದು ಒಂದೇ ಸಲಕ್ಕೆ ಎಂದಾದರೆ ನಾನು ಎಲ್ಲ ಕಡೆ ನಿಲ್ಲುವ ಗಾಡಿಯನ್ನೇ ಕೇಳುತ್ತೇನೆ.

ಸಂಸದರಿಗೆ, ಮೈಸೂರು ವಿಭಾಗೀಯ ಕಚೇರಿಗೆ, ರೈಲು ಬಳಕೆದಾರರ ಸಲಹಾ ಸಮಿತಿಗೆ ಒಂದೇ ಕಾಗದವನ್ನು ಮೂರು ಪ್ರತಿ ಮಾಡಿ ಹಾಕಿದ್ದೇನೆ. ನೀವೂ ಬರೆಯಿರಿ. "ರೈಲು ಸೌಲಭ್ಯ ಉತ್ತಮಪಡಿಸಿ" ಎಂದು ಬರೆದರೆ ಅದು ಫೈಲಿನಲ್ಲಿ ಮಲಗುತ್ತದೆ. ನೀವು ಹತ್ತುವ ಸ್ಟೇಷನ್ ಯಾವುದು, ಎಷ್ಟು ಹೊತ್ತಿಗೆ ಎಲ್ಲಿ ಇರಬೇಕು, ಯಾವ ಗಾಡಿ ಎಷ್ಟು ನಿಮಿಷದಲ್ಲಿ ತಪ್ಪುತ್ತದೆ, ಅದನ್ನು ಬರೆಯಿರಿ. ಇಲ್ಲಿ ಕಾಮೆಂಟಿನಲ್ಲೂ ಹಾಕಿ, ಎಲ್ಲವನ್ನೂ ಸೇರಿಸಿ ಮತ್ತೊಂದು ಕಾಗದ ಮಾಡುತ್ತೇನೆ.

ಅಮ್ಮನ ಬಲಗಣ್ಣಿಗೆ ಮುಂದಿನ ತಿಂಗಳು ದಿನ ಕೊಟ್ಟಿದ್ದಾರೆ. ಈ ಸಲ ಬಸ್ಸಿನಲ್ಲೇ ಕರೆತರಬೇಕು. ಬೇಲೂರಿನಲ್ಲಿ ಇಳಿಸಿ, ಮುಖ ತೊಳೆಸಿ, ಅರ್ಧ ಗಂಟೆ ಕೂರಿಸಿ, ಆಮೇಲೆ ಹಾಸನದ ಬಸ್ಸು ಹತ್ತಿಸುವುದೆಂದು ಮಾತಾಗಿದೆ. ನೀರಿನ ಬಾಟಲಿ ನನ್ನ ಕೈಯಲ್ಲೇ ಇರುತ್ತದೆ, ಕುಡಿಸದೆ ಬಿಡುವುದಿಲ್ಲ.